ಗುಂಡಿಯ ಕೆಂಪು ಡಬ್ಬಿ

ಮೊದಲಿಗೇ ಕ್ಷಮೆ ಕೇಳಬೇಕು. ಅಕ್ಷರ ದುಂಡಗಿಲ್ಲ, ಸಾಲುಗಳು ಶುರುವಾದ ಕಡೆಯಿಂದ ಮೇಲಕ್ಕೆ ಹತ್ತಿಕೊಂಡು ಹೋಗುತ್ತವೆ. ಮಾತುಗಳೂ ಅಷ್ಟೇ, ಬೇಕಾದದ್ದು ಬೇಕಾದ ಹೊತ್ತಿಗೆ ಸಿಗುವುದಿಲ್ಲ. ಓದು ಹತ್ತನೇ ತರಗತಿಯ ಅರ್ಧಕ್ಕೆ ನಿಂತಿದೆ. ಪ್ರತಿ ಪುಟವನ್ನೂ ಮೊದಲು ಪೆನ್ಸಿಲಿನಲ್ಲಿ ಬರೆದು, ತಿದ್ದಿ, ಆಮೇಲೆ ಪೆನ್ನಿನಲ್ಲಿ ಬರೆದದ್ದಾಗಿದೆ. ಆದರೂ ತಪ್ಪು ಉಳಿದಿದ್ದರೆ ದೊಡ್ಡ ಮನಸ್ಸು ಮಾಡಿ ಓದಿಕೊಳ್ಳಬೇಕು. ಇದು ಒಬ್ಬ ಅಕ್ಕನ ಕಥೆ. ಬರೆದವಳೂ ಆ ಅಕ್ಕನೇ. ‘ನಾನು, ನಾನು’ ಎಂದು ಬರೆಯಲು ನಾಚಿಕೆಯಾಗಿ ‘ಅವಳು’ ಎಂದು ಬರೆದಿದ್ದಾಳೆ.

ಅಕ್ಕನಿಗೆ ಹದಿನಾರು, ತಂಗಿಗೆ ಆರು. ತಂಗಿಯನ್ನು ಮನೆಯಲ್ಲಿ ಎಲ್ಲರೂ ಗುಂಡಿ ಎನ್ನುತ್ತಾರೆ. ಒಂದೂವರೆ ವರ್ಷದವಳಿದ್ದಾಗ ಅಪ್ಪನ ಅಂಗಿಯ ಗುಂಡಿಯೊಂದನ್ನು ಕಿತ್ತು ನುಂಗಿ, ಮೂರು ದಿನ ಮನೆಮಂದಿಯನ್ನೆಲ್ಲ ತನ್ನ ಚಡ್ಡಿ ತಪಾಸಣೆಗೆ ಹಚ್ಚಿದ್ದಳು. ಗುಂಡಿ ಹೊರಗೆ ಬಂತು, ಹೆಸರು ಉಳಿದುಕೊಂಡಿತು.

ಅಪ್ಪ ಮನೆಗಳ ಗೋಡೆಗೆ ಬಣ್ಣ ಹೊಡೆಯುವ ಪೇಂಟರ್. ಅಮ್ಮನದು ಲಾಂಡ್ರಿ ಕಾರ್ಖಾನೆಯಲ್ಲಿ ಕೆಲಸ. ಹೋಟೆಲು, ಆಸ್ಪತ್ರೆಗಳಿಂದ ಬಂದ ಚಾದರಗಳನ್ನು ಒಗೆದಾದ ಮೇಲೆ ಬಿಸಿ ರೋಲರಿನ ಬಾಯಿಗೆ ಕೊಡಬೇಕು. ಒಳಗೆ ಹೋಗುವಾಗ ಫೋನನ್ನು ಗೇಟಿನಲ್ಲೇ ಕೊಟ್ಟು ಹೋಗಬೇಕು, ಸಂಜೆ ಐದಕ್ಕೆ ವಾಪಸು. ನಡುವೆ ಮನೆಗೆ ಬೆಂಕಿ ಬಿದ್ದರೂ ಅಮ್ಮನಿಗೆ ತಿಳಿಯುವುದು ಐದಕ್ಕೇ.

ಆ ವರ್ಷ ಶಾಲೆ ತೆರೆದ ತಿಂಗಳಲ್ಲಿ ಗುಂಡಿ ನೀರು ಕುಡಿಯಲು ಹಿಡಿದಳು. ಎಷ್ಟು ಕುಡಿದರೂ ಸಾಲದು. ಮೈ ಇಳಿಯಿತು, ಯೂನಿಫಾರ್ಮಿನ ಲಂಗ ಸೊಂಟದಲ್ಲಿ ನಿಲ್ಲದೆ ಅಮ್ಮ ಎರಡು ಸಲ ಎಲಾಸ್ಟಿಕ್ ಬಿಗಿ ಮಾಡಿದಳು. ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಬಿಟ್ಟು ಮೂರು ವರ್ಷವಾಗಿತ್ತು, ಅದು ಮತ್ತೆ ಬಂತು. ಶಾಲೆಯ ಡೈರಿಯಲ್ಲಿ ಕೆಂಪು ಇಂಕಿನ ಒಂದು ಸಾಲು: ‘ಮಗು ಪಾಠದ ನಡುವೆ ಪದೇ ಪದೇ ಬಾತ್‌ರೂಮಿಗೆ ಹೋಗುತ್ತಾಳೆ. ಶಿಸ್ತು ಕಲಿಸಿ.’ ಅಮ್ಮನಿಗೆ ತಲೆ ತಗ್ಗಿಸುವಂತಾಯಿತು. ಮಾರನೇ ದಿನದಿಂದ ಗುಂಡಿಗೆ ಅರ್ಧದಷ್ಟು ನೀರು ಹಿಡಿಯುವ ಚಿಕ್ಕ ಬಾಟಲಿ. ಅಮ್ಮ ಇವತ್ತಿಗೂ ಆ ಬಾಟಲಿಯನ್ನು ಎಸೆದಿಲ್ಲ, ಉಪಯೋಗಿಸಿಯೂ ಇಲ್ಲ. ಪಾತ್ರೆ ಶೆಲ್ಫಿನ ಮೇಲಿನ ಹಲಗೆಯಲ್ಲಿ ಕೂತಿದೆ. ಅತ್ತ ನೋಡಿದಾಗಲೆಲ್ಲ ಅವಳ ಮುಖ ಗಂಟಾಗುತ್ತದೆ.

ಒಂದು ಬೆಳಿಗ್ಗೆ ಗುಂಡಿ ಹಾಸಿಗೆಯಿಂದ ಏಳಲಿಲ್ಲ. ಏದುಸಿರು, ಬಾಯಲ್ಲಿ ಹಣ್ಣು ಕೊಳೆತ ವಾಸನೆ. ಅಪ್ಪ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದ.

ಆಸ್ಪತ್ರೆಯ ಡಾಕ್ಟರು ನಿಧಾನವಾಗಿ ಹೇಳಿದರು. ಇದು ಸಕ್ಕರೆ ಕಾಯಿಲೆ, ಆದರೆ ದೊಡ್ಡವರಿಗೆ ಬರುವ ತರಹದ್ದಲ್ಲ. ಸಿಹಿ ತಿಂದು ಬಂದದ್ದೂ ಅಲ್ಲ, ಯಾರ ತಪ್ಪೂ ಅಲ್ಲ. ಇವಳ ಮೈ ಇನ್ಸುಲಿನ್ ತಯಾರಿಸುವುದನ್ನು ನಿಲ್ಲಿಸಿಬಿಟ್ಟಿದೆ. ಇನ್ನು ದಿನಕ್ಕೆ ನಾಲ್ಕು ಸೂಜಿ, ಜೀವನವಿಡೀ. ಮಧ್ಯಾಹ್ನದ ಒಂದು ಸೂಜಿ ಶಾಲೆಯಲ್ಲಿ ಆಗಬೇಕು. ಊಟ ತಡವಾದರೆ, ಹೆಚ್ಚು ಓಡಾಡಿದರೆ ಸಕ್ಕರೆ ಇಳಿದುಹೋಗುತ್ತದೆ. ಆಗ ತಕ್ಷಣ ಸಿಹಿ ಬಾಯಿಗೆ ಹಾಕಬೇಕು, ಆ ಸಿಹಿ ಸದಾ ಮಗುವಿನ ಮೈಮೇಲೇ ಇರಬೇಕು.

ನರ್ಸಮ್ಮ ಕಿತ್ತಳೆ ಹಣ್ಣಿನ ಮೇಲೆ ಸೂಜಿ ಚುಚ್ಚುವುದನ್ನು ತೋರಿಸಿದರು. ಮೂರನೇ ಅಂತಸ್ತಿನ ಹೊರಗೆ ಹಗ್ಗಕ್ಕೆ ಜೋತುಬಿದ್ದು ಬಣ್ಣ ಹೊಡೆಯುವ ಅಪ್ಪ, ಕಿತ್ತಳೆಗೆ ಸೂಜಿ ಇಳಿದದ್ದನ್ನು ನೋಡಿ ಕುರ್ಚಿಯಿಂದ ಜಾರಿ ನೆಲಕ್ಕೆ ಬಂದ. ಅವನಿಗೊಂದು ಮಂಚ ಬೇಕಾಯಿತು. ಗುಂಡಿ ನಾಲ್ಕು ದಿನಗಳಲ್ಲಿ ಮೊದಲ ಸಲ ನಕ್ಕದ್ದು ಆಗಲೇ.

“ಅಪ್ಪಂಗೂ ಗ್ಲೂಕೋಸ್ ಹಾಕಿ,” ಎಂದಳು.

ಅಮ್ಮ ಕಲಿತಳು, ಅಕ್ಕ ಇನ್ನೂ ಬೇಗ ಕಲಿತಳು. ಅಕ್ಕನ ಕಣ್ಣಲ್ಲಿ ನೀರು ತುಂಬಿದ್ದನ್ನು ಕಂಡು ನರ್ಸಮ್ಮ ಮೆಲ್ಲಗೆ ಗದರಿದರು. “ಅವಳು ಅತ್ರೆ ನೀನು ಅಳಬೇಡ ಕಣೇ. ಇಬ್ಬರೂ ಅಳ್ತಾ ಕೂತ್ರೆ ಸೂಜಿ ಹಿಡಿಯೋರು ಯಾರು?”

ಮನೆಗೆ ಬಂದು ಅಕ್ಕ ಒಂದು ಹಳೇ ಬಿಸ್ಕತ್ತಿನ ಕೆಂಪು ಡಬ್ಬಿಯನ್ನು ತೊಳೆದು ಒರೆಸಿದಳು. ಅದರೊಳಗೆ ಸಕ್ಕರೆ ನೋಡುವ ಮೀಟರು, ಅದಕ್ಕೆ ಹಾಕುವ ಪಟ್ಟಿಗಳು, ಸೂಜಿಯಿರುವ ಇನ್ಸುಲಿನ್ ಪೆನ್ನು, ಹತ್ತಿ, ಒಂದು ಜ್ಯೂಸಿನ ಪೊಟ್ಟಣ, ಒಂದು ಚಿಕ್ಕ ನೋಟ್‌ಬುಕ್ಕು. ಗುಂಡಿಯ ಲಂಗದ ಜೇಬಿನಲ್ಲಿ ಎರಡು ಪೊಟ್ಟಣ ಗ್ಲೂಕೋಸ್ ಪುಡಿ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಹೊತ್ತು, ಸಕ್ಕರೆ, ಎಷ್ಟು ಯೂನಿಟ್ ಎಂದು ಬರೆಯುತ್ತ ಹೋದಳು. ಯಾವುದರಲ್ಲೂ ಮೊದಲು ಬಂದವಳಲ್ಲ ಅಕ್ಕ. ಆದರೆ ಆ ಪುಸ್ತಕದಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ಡಾಕ್ಟರೇ ಹಾಳೆ ತಿರುವಿ ನೋಡಿ, “ಇದನ್ನ ನಮ್ಮ ನರ್ಸ್‌ಗಳಿಗೆ ತೋರಿಸಬೇಕು,” ಎಂದಿದ್ದರು. ಅಕ್ಕ ಒಂದು ವಾರ ಅದೇ ಮಾತನ್ನು ಮನಸ್ಸಿನಲ್ಲಿ ಮೆಲುಕು ಹಾಕಿದಳು.

ಶಾಲೆಯಲ್ಲಿ ದೊಡ್ಡ ಮೇಡಂ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ಹೇಳಿದರು: “ಮಗು ಬರಲಿ, ಬೇಡ ಅನ್ನಲ್ಲ. ಆದ್ರೆ ನಮ್ಮ ಸ್ಟಾಫ್ ಯಾರೂ ಸೂಜಿ ಮುಟ್ಟಲ್ಲ. ಏನಾದ್ರೂ ಹೆಚ್ಚು ಕಡಿಮೆ ಆದ್ರೆ ಜವಾಬ್ದಾರಿ ಯಾರದ್ದು? ಮನೆಯಿಂದ ಯಾರಾದ್ರೂ ಬಂದು ಕೊಟ್ಟು ಹೋಗಿ.”

ಅಮ್ಮ ಅದಕ್ಕೂ ಮೊದಲೇ ಇನ್ನೆರಡು ಶಾಲೆಗಳಲ್ಲಿ ವಿಚಾರಿಸಿದ್ದಳು. ಸೂಜಿ ಎಂಬ ಮಾತು ಬಂದೊಡನೆ ಅಲ್ಲಿ ಸೀಟು ಇಲ್ಲವಾಗಿತ್ತು. ಆದ್ದರಿಂದ ಹೂಂ ಎಂದಳು. ಯಾರು ಬರುವುದು? ಅಮ್ಮ ರೋಲರ್ ಬಿಟ್ಟು ಬರುವ ಹಾಗಿಲ್ಲ. ಅಪ್ಪನ ವಿಷಯ ಕಿತ್ತಳೆ ಹಣ್ಣಿನ ದಿನವೇ ತೀರ್ಮಾನವಾಗಿತ್ತು. ಉಳಿದವಳು ಅಕ್ಕ.

ಅಕ್ಕನ ಹೈಸ್ಕೂಲು ಊರಿನ ಇನ್ನೊಂದು ತುದಿಯಲ್ಲಿ. ಹನ್ನೊಂದಕ್ಕೆ ಪಾಠ ಬಿಟ್ಟು ಬಸ್ಸು ಹತ್ತಿದರೆ ಹನ್ನೆರಡೂವರೆಯ ಊಟದ ಬೆಲ್ಲಿಗೆ ತಂಗಿಯ ಶಾಲೆ. ಮತ್ತೆ ವಾಪಸು ಹೋಗುವ ಹೊತ್ತಿಗೆ ಅಲ್ಲಿ ಎಲ್ಲರೂ ಚೀಲ ಹೆಗಲಿಗೇರಿಸುತ್ತಿದ್ದರು. ಎರಡು ತಿಂಗಳು ಹಾಗೇ ನಡೆಯಿತು. ಅವಳ ಕ್ಲಾಸ್ ಟೀಚರ್ ಹಾಜರಿ ಪುಸ್ತಕವನ್ನು ಅವಳ ಮುಂದೆಯೇ ತಿರುಗಿಸಿ ಇಟ್ಟರು.

“ನೋಡಮ್ಮ, ತಂಗಿಗೆ ಹುಷಾರಿಲ್ಲ ಅಂತ ನಿಂಗೆ ಹಾಜರಿ ಹಾಕೋಕಾಗುತ್ತಾ? ಪರೀಕ್ಷೆಗೆ ಕೂರಿಸೋ ಹಾಗಿಲ್ಲ.”

“ಆಯ್ತು ಮಿಸ್,” ಎಂದಳು ಅಕ್ಕ.

ಅವಳು ಬಾಯಿ ತೆರೆದು ಆಡುತ್ತಿದ್ದ ಮಾತು ಹೆಚ್ಚುಕಡಿಮೆ ಅದೊಂದೇ. ಆಯ್ತು. ಮನೆಯಲ್ಲಿ ಅಪ್ಪ, “ಒಂದೇ ವರ್ಷ ಕಣಮ್ಮ. ಗುಂಡಿ ಸ್ವಲ್ಪ ದೊಡ್ಡವಳಾಗಲಿ, ಆಮೇಲೆ ನೀನು ಓದುವಿಯಂತೆ,” ಎಂದಾಗಲೂ ಆಯ್ತು ಎಂದಳು. ಏಳನೇ ವಯಸ್ಸಿಗೆ ಯಾರು ತಾವೇ ಸೂಜಿ ಹಾಕಿಕೊಳ್ಳುತ್ತಾರೆ ಎಂದು ಕೇಳಲಿಲ್ಲ.

ಹೀಗೆ ಅವಳ ಕೆಲಸ ಬೆಂಚಿನ ಮೇಲೆ ಶುರುವಾಯಿತು. ಶಾಲೆಯ ಗೇಟಿನ ಪಕ್ಕ ವಾಚ್‌ಮನ್ ತಾತನ ಗೂಡು. ಅಲ್ಲಿ ಸಂದರ್ಶಕರ ಪುಸ್ತಕ. ಹೆಸರು, ಬಂದ ಹೊತ್ತು, ಯಾರನ್ನು ಕಾಣಬೇಕು, ಕಾರಣ. ಪೆನ್ನನ್ನು ಯಾರೂ ಎತ್ತಿಕೊಂಡು ಹೋಗದಿರಲೆಂದು ದಾರ ಹಾಕಿ ಮೊಳೆಗೆ ಕಟ್ಟಿದ್ದರು. ದಾರ ಗಿಡ್ಡ, ಕೈ ನೇರವಾಗಿ ಬರುತ್ತಿರಲಿಲ್ಲ. ಅವಳ ಸಾಲುಗಳು ಮೇಲಕ್ಕೆ ಹತ್ತಲು ಕಲಿತದ್ದು ಅಲ್ಲೇ. ಕಾರಣದ ಕೆಳಗೆ ದಿನವೂ ಒಂದೇ ಮಾತು: ಸೂಜಿ. ಆಮೇಲೆ ಕೊರಳಿಗೆ ‘ಸಂದರ್ಶಕರು – 7’ ಎಂಬ ಬಿಲ್ಲೆ. ಆಫೀಸಿನ ಹೊರಗೆ, ಬಹುಮಾನದ ಕಪ್ಪುಗಳ ಗಾಜಿನ ಕಪಾಟಿನ ಎದುರು, ಅವಳ ಬೆಂಚು.

ಗುಂಡಿಯ ಸಕ್ಕರೆ ಯಾವಾಗ ಇಳಿಯುತ್ತದೋ ಹೇಳಲಾಗದು, ಅದಕ್ಕೆ ಬೆಳಿಗ್ಗೆಯಿಂದ ಸಂಜೆಯವರೆಗೂ ಅಲ್ಲೇ. ಸುಮ್ಮನೆ ಕೂತವರನ್ನು ಯಾವ ಆಫೀಸೂ ಸಹಿಸುವುದಿಲ್ಲ. ಮೊದಲು, “ಈ ಫೈಲು ಮೇಲಿನ ಮಹಡಿಗೆ ಕೊಟ್ಟು ಬಾಮ್ಮ.” ಆಮೇಲೆ ಬೆಲ್ಲು ಬಾರಿಸುವುದು, ಒಂದನೇ ತರಗತಿಯ ಮಿಸ್ ರಜೆ ಹಾಕಿದ ದಿನ ಮಕ್ಕಳನ್ನು ಕಾಯುವುದು, ವಾಂತಿ ಮಾಡಿದ ಮಕ್ಕಳ ಮುಖ ತೊಳೆಸುವುದು. ಮೊದಲ ವಾರ ಅವಳ ಚೀಲದಲ್ಲಿ ಹತ್ತನೇ ತರಗತಿಯ ಗಣಿತದ ಪುಸ್ತಕವಿತ್ತು. ಎರಡನೇ ತಿಂಗಳಲ್ಲಿ ಅದು ಬೆಂಚಿನ ಅಲ್ಲಾಡುವ ಕಾಲಿನ ಕೆಳಗೆ ಹೋಯಿತು.

ಗುಮಾಸ್ತರು ಮಾತಿನ ಮಲ್ಲ. “ಬಂದ್ರಾ ಡಾಕ್ಟರಮ್ಮ? ನಂಗೂ ಸ್ವಲ್ಪ ಬಿ.ಪಿ. ನೋಡಿ,” ಎಂದು ದಿನವೂ ಕೈ ಚಾಚುತ್ತಿದ್ದರು. ದಿನವೂ ಅದೇ ತಮಾಷೆ, ದಿನವೂ ಅವರೇ ನಗುತ್ತಿದ್ದರು.

ಗುಂಡಿಗೆ ಮಾತ್ರ ಇದೆಲ್ಲ ದೊಡ್ಡ ಹೆಮ್ಮೆ. ಬೇರೆಯವರಿಗೆ ಶಾಲೆಯಲ್ಲಿ ಬರೀ ಮಿಸ್, ತನಗೆ ಅಕ್ಕನೂ ಇದ್ದಾಳೆ. ಊಟದ ಹೊತ್ತಿಗೆ ಗೆಳತಿಯರನ್ನು ಕಟ್ಟಿಕೊಂಡು ಬಂದು, ಸಕ್ಕರೆ ನೋಡಲು ಚುಚ್ಚುವ ಬೆರಳನ್ನು ಮುಂದೆ ಮಾಡುತ್ತಿದ್ದಳು. “ನೋಡ್ರೇ, ನಂಗೆ ನೋವೇ ಆಗಲ್ಲ.” ನೋವಾಗುತ್ತಿತ್ತು. ಅವಳ ಕಾಲಿನ ಹೆಬ್ಬೆರಳು ಬೂಟಿನೊಳಗೆ ಮಡಚಿಕೊಳ್ಳುವುದು ಅಕ್ಕನಿಗೆ ಗೊತ್ತು.

ಆ ಗೆಳತಿಯರಲ್ಲಿ ಒಬ್ಬಳು ಮನೆಗೆ ಹೋಗಿ ಸೂಜಿಯ ಕಥೆ ಹೇಳಿದಳು. ಅವಳ ತಂದೆ ದೂರು ಕೊಟ್ಟರು. ಮಾರನೇ ದಿನ ಗೋಡೆಗೆ ಸುತ್ತೋಲೆ ಬಂತು: ‘ಮಕ್ಕಳ ಬಳಿ ಯಾವುದೇ ಸೂಜಿ, ಔಷಧ, ಮಾತ್ರೆ, ಪುಡಿ ಇರಕೂಡದು. ಎಲ್ಲವನ್ನೂ ಆಫೀಸಿನ ಬೀರುವಿನಲ್ಲಿ ಇಡತಕ್ಕದ್ದು.’ ಬೀರುವಿಗೆ ಬೀಗ, ಬೀಗದ ಕೈ ಗುಮಾಸ್ತರ ಸೊಂಟದಲ್ಲಿ.

“ನಿಮ್ಮ ಒಳ್ಳೇದಕ್ಕೇ. ಸೂಜಿ ಮಕ್ಕಳ ಕೈಗೆ ಸಿಗಬಾರದಲ್ವಾ?” ಎಂದರು ದೊಡ್ಡ ಮೇಡಂ.

ಸಿಹಿ ಮಗುವಿನ ಮೈಮೇಲೇ ಇರಬೇಕೆಂದು ಡಾಕ್ಟರು ಹೇಳಿದ್ದು ಅಕ್ಕನಿಗೆ ನೆನಪಾಯಿತು. ಮಾತು ನಾಲಿಗೆಯ ತುದಿಗೂ ಬಂತು. ಬಂದದ್ದು ಅಲ್ಲೇ ನಿಂತು, ಅದರ ಜಾಗದಲ್ಲಿ “ಆಯ್ತು ಮೇಡಂ” ಹೊರಬಿತ್ತು. ಅಷ್ಟೇ ಆಗಿದ್ದರೂ ಇಷ್ಟು ಸಂಕಟವಿರುತ್ತಿರಲಿಲ್ಲ. ಅವಳು ಡಬ್ಬಿಯ ಮೇಲೆ ಗುಂಡಿಯ ಪೂರ್ತಿ ಹೆಸರು, ತರಗತಿ ಬರೆದು ಚೀಟಿ ಅಂಟಿಸಿದಳು. ಗುಮಾಸ್ತರ ಕೈಗೆ ಕೊಟ್ಟಳು, ದಿನವೂ ಸಂಜೆ ಬಿಡಿಸಿಕೊಂಡು ಮನೆಗೆ ಒಯ್ಯಬೇಕು. ತಿರುಗಿ ತರಗತಿಗೆ ಹೋಗಿ, ಗುಂಡಿಯ ಲಂಗದ ಜೇಬಿನಿಂದ ಎರಡು ಪೊಟ್ಟಣ ಪುಡಿಯನ್ನೂ ತೆಗೆದು ತಂದಳು.

“ಇದೂನಾ? ಇದನ್ನ ಯಾರು ಕೇಳಿದ್ರು?” ಎಂದರು ಗುಮಾಸ್ತರು.

“ಪುಡಿ ಅಂತ ಬರೆದಿದೆಯಲ್ಲ ಸಾರ್.”

ಯಾರೂ ಕೇಳಿರಲಿಲ್ಲ. ಅವಳೇ ತಂದು ಕೊಟ್ಟಳು. ಹೇಳಿದ್ದನ್ನು ಹೇಳಿದ್ದಕ್ಕಿಂತ ಒಂದು ಹೆಜ್ಜೆ ಹೆಚ್ಚಾಗಿಯೇ ಮಾಡುವ ಅವಳ ಗುಣ ಅವತ್ತು ತಂಗಿಯ ಜೇಬನ್ನು ಖಾಲಿ ಮಾಡಿತು.

ಮೂರು ವಾರ ಏನೂ ಆಗಲಿಲ್ಲ. ನಾಲ್ಕನೇ ವಾರ ಶಾಲೆಯ ತಪಾಸಣೆಗೆ ಅಧಿಕಾರಿಗಳು ಬರುವ ದಿನ. ಕಪ್ಪುಗಳಿಗೆಲ್ಲ ಹೊಳಪು, ಮೆಟ್ಟಿಲುಗಳಿಗೆ ಫಿನಾಯಿಲು. ದೊಡ್ಡ ಮೇಡಂ ಅಕ್ಕನನ್ನು ಕಂಡು ಹುಬ್ಬು ಗಂಟಿಕ್ಕಿದರು. “ಇವತ್ತು ಇಲ್ಲಿ ಕೂರಬೇಡಮ್ಮ, ಚೆನ್ನಾಗಿ ಕಾಣಲ್ಲ. ಗೇಟ್ ಹತ್ರ ಇರು. ಬೆಲ್ ಆದಾಗ ಕರೀತೀವಿ.”

ಗೂಡಿನ ಕಿಟಕಿಯಿಂದ ಮೈದಾನ ಕಾಣುತ್ತಿತ್ತು. ಚಿಕ್ಕ ಮಕ್ಕಳು ಅಧಿಕಾರಿಗಳಿಗೆ ತೋರಿಸುವ ಡ್ರಿಲ್ಲಿಗೆ ಸಾಲಾಗಿ ನಿಂತಿದ್ದರು. ಗುಂಡಿ ಎರಡನೇ ಸಾಲಿನ ಮೊದಲನೆಯವಳು, ಆ ಜಾಗಕ್ಕಾಗಿ ಹದಿನೈದು ದಿನ ಮನೆಯ ಗೋಡೆಯೆದುರು ಕೈ ಎತ್ತಿ ಇಳಿಸಿದ್ದಳು. ಹನ್ನೆರಡೂವರೆ ಆಯಿತು. ಬೆಲ್ಲು ಆಗಲಿಲ್ಲ.

“ತಾತ, ಊಟದ ಬೆಲ್ಲು?”

“ಇವತ್ತು ಸಾಹೇಬರು ಬಂದು ಹೋದ ಮೇಲೇನೇ ಬೆಲ್ಲು. ಇನ್ನೂ ಕಾರೇ ಬಂದಿಲ್ಲ.”

“ಗುಂಡಿಗೆ ಊಟ ತಡ ಆಗಬಾರದು ತಾತ.”

“ಒಂದ್ ಹತ್ತು ನಿಮಿಷ ತಡ್ಕೋಮ್ಮ. ನಿನ್ನ ಒಳಗೆ ಬಿಟ್ರೆ ನನ್ನ ಹೊರಗೆ ಹಾಕ್ತಾರೆ.”

ಹತ್ತು ನಿಮಿಷ ಎಂದರಲ್ಲ, ಅಕ್ಕ ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಕಾದಳು. ಹನ್ನೊಂದನೇ ನಿಮಿಷದಲ್ಲಿ ಎಲ್ಲ ಮಕ್ಕಳ ಬಲಗೈ ಮೇಲೆದ್ದಾಗ ಗುಂಡಿಯ ಕೈ ಏಳಲಿಲ್ಲ. ಅವಳು ತನ್ನ ಬೂಟನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಕೂತುಬಿಟ್ಟಳು. ಡ್ರಿಲ್ ಮಿಸ್ ತೋಳು ಹಿಡಿದು ಎತ್ತಿ ನಿಲ್ಲಿಸಿದರು, ಮತ್ತೆ ಕೂತಳು.

ತಾತನ ಗೂಡಿನ ಮೂಲೆಯಲ್ಲಿ ಚಹಾದ ಸ್ಟವ್ವು, ಪಕ್ಕದಲ್ಲಿ ಸಕ್ಕರೆ ಡಬ್ಬ. ಅಕ್ಕ ಕೇಳಲಿಲ್ಲ. ಡಬ್ಬ ಎತ್ತಿಕೊಂಡು, ತಾತ ಅಡ್ಡ ಇಟ್ಟಿದ್ದ ಕೋಲನ್ನು ತಳ್ಳಿಕೊಂಡು ಓಡಿದಳು. ತಾತ “ಏಯ್” ಎಂದದ್ದು ಒಂದೇ ಸಲ, ಅದೂ ಮೆಲ್ಲಗೆ.

ಗುಂಡಿಯ ಹಣೆ ಬೆವತು ಕೂದಲು ಅಂಟಿಕೊಂಡಿತ್ತು, ಕೈ ಮಂಜುಗಡ್ಡೆ. “ಎರಡು ಅಕ್ಕ ಬಂದ್ರು,” ಎಂದಳು ತೊದಲುತ್ತ.

“ನುಂಗು ಪುಟ್ಟ. ಬಾಯಿ ಮುಚ್ಚಬೇಡ, ನುಂಗು.” ಅಕ್ಕ ಸಕ್ಕರೆಯನ್ನು ಚಿಟಿಕೆ ಚಿಟಿಕೆಯಾಗಿ ಅವಳ ಕೆನ್ನೆಯ ಒಳಗೆ ಸವರಿದಳು, ಯಾವುದೋ ಮಗುವಿನ ಬಾಟಲಿಯಿಂದ ಗುಟುಕು ನೀರು ಕುಡಿಸಿದಳು.

“ಏನಿದು ನಾಟಕ?” ಎಂದರು ಡ್ರಿಲ್ ಮಿಸ್. “ತಲೆ ಸುತ್ತುತ್ತೆ ಅಂತ ಆಗಿನಿಂದ ಸಬೂಬು ಹೇಳ್ತಾನೇ ಇದ್ಲು.”

“ಬೀರು ತೆಗೀರಿ ಮಿಸ್! ಡಬ್ಬಿ ಬೇಕು!”

ಅಕ್ಕನ ಗಂಟಲಿನಿಂದ ಅಷ್ಟು ದೊಡ್ಡ ದನಿ ಬಂದದ್ದು ಅದೇ ಮೊದಲು. ಆದರೆ ಬೀಗದ ಕೈ ಗುಮಾಸ್ತರ ಸೊಂಟದಲ್ಲಿತ್ತು, ಗುಮಾಸ್ತರು ಬೇಕರಿಯಲ್ಲಿದ್ದರು. ಅಧಿಕಾರಿಗಳಿಗೆ ಸಿಹಿಯ ಪೊಟ್ಟಣ ಕಟ್ಟಿಸುತ್ತಿದ್ದರು.

ಕಾಲು ಗಂಟೆಯಲ್ಲಿ ಗುಂಡಿಯ ತುಟಿಗೆ ಬಣ್ಣ ಬಂತು. ಅಷ್ಟರಲ್ಲಿ ಗೇಟಿನೊಳಗೆ ಕಾರೂ ಬಂತು. ಇಳಿದ ಹೆಂಗಸು ಅಧಿಕಾರಿ ನೇರ ಮೈದಾನಕ್ಕೇ ಬಂದರು. ಮಣ್ಣಿನಲ್ಲಿ ಕೂತು ಮಡಿಲಲ್ಲಿ ಮಗುವನ್ನಿಟ್ಟುಕೊಂಡ ಹುಡುಗಿ, ಪಕ್ಕದಲ್ಲಿ ಸಕ್ಕರೆ ಡಬ್ಬ. “ಏನಾಯ್ತು?” ಎಂದರು.

ದೊಡ್ಡ ಮೇಡಂ ಕಣ್ಣು ಮಿಟುಕಿಸುವಷ್ಟರಲ್ಲಿ ಸುಧಾರಿಸಿಕೊಂಡರು. “ಈ ಮಗುಗೆ ಶುಗರ್ ಇದೆ ಮೇಡಂ. ಅದಕ್ಕೇ ಅಂತಲೇ ಒಬ್ಬ ಸಹಾಯಕಿಯನ್ನ ಇಟ್ಟಿದೀವಿ. ಟ್ರೇನಿಂಗ್ ಆಗಿದೆ.”

“ಒಳ್ಳೇದು. ಎಷ್ಟು ದಿನದಿಂದ ಇದೀಯಮ್ಮ ಇಲ್ಲಿ?”

ಅಕ್ಕ ನೆಲ ನೋಡಿದಳು. “ಐದು ತಿಂಗಳು ಮೇಡಂ.”

ಸುಳ್ಳೇನಲ್ಲ. ಒಂದು ವಾರದ ಮೇಲೆ ವರದಿ ಬಂತು. ‘ಕಾಯಿಲೆಯ ಮಗುವಿಗೆಂದು ತರಬೇತಿ ಪಡೆದ ಸಹಾಯಕಿಯನ್ನು ನೇಮಿಸಿರುವುದು ಶ್ಲಾಘನೀಯ’ ಎಂಬ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆಸಿ, ಚೌಕಟ್ಟು ಹಾಕಿಸಿ, ಕಪ್ಪುಗಳ ಕಪಾಟಿನ ಪಕ್ಕ ತೂಗುಹಾಕಿದರು. ಬೆಂಚಿನ ಮೇಲೆ ಕೂತರೆ ಕಣ್ಣಿಗೆ ನೇರವಾಗಿ ಬೀಳುತ್ತದೆ. ತನ್ನ ಶಾಲೆಯ ಹಾಜರಿಯಲ್ಲಿ ಇಲ್ಲದ ಅಕ್ಕ ಅಲ್ಲಿದ್ದಾಳೆ.

ಅದೇ ಮಧ್ಯಾಹ್ನ ದೊಡ್ಡ ಮೇಡಂ ಟೈಪು ಮಾಡಿದ ಇನ್ನೊಂದು ಹಾಳೆಯನ್ನು ಅವಳ ಕೈಗೆ ಕೊಟ್ಟರು. ತಪಾಸಣೆಯ ದಿನ ಬೆಳಿಗ್ಗೆ ಮನೆಯಲ್ಲಿ ಅಕ್ಕ ತಪ್ಪಾಗಿ ಹೆಚ್ಚು ಔಷಧ ಕೊಟ್ಟಿದ್ದರಿಂದ ಮಗು ಅಸ್ವಸ್ಥಗೊಂಡಿತು, ಇದರಲ್ಲಿ ಶಾಲೆಯ ಲೋಪ ಏನೂ ಇಲ್ಲ ಎಂದು ಅದರಲ್ಲಿತ್ತು. ಕೆಳಗೆ ಅಕ್ಕನ ಸಹಿಗೆ ಜಾಗ.

“ಸುಮ್ಮನೆ ಫೈಲಿಗೆ. ಹಾಕಿದ್ರೆ ಮಗು ಇರುತ್ತೆ. ಇಲ್ಲಾಂದ್ರೆ ಟಿ.ಸಿ. ಬರೆದುಕೊಡ್ತೀನಿ, ಬೇರೆ ಕಡೆ ನೋಡ್ಕೊಳ್ಳಿ.”

ಅಕ್ಕ ಹಾಳೆಯನ್ನು ಮನೆಗೆ ತಂದಳು. ನೋಟ್‌ಬುಕ್ಕಿನಲ್ಲಿ ಆ ದಿನದ ಪುಟ ತೆಗೆದು ನೋಡಿದಳು: ಏಳು ನಲವತ್ತು, ನಾಲ್ಕು ಯೂನಿಟ್. ಡಾಕ್ಟರು ಹೇಳಿದ್ದೂ ನಾಲ್ಕೇ. ಅಪ್ಪ ಹಾಳೆ ಓದಿ ಕೆಂಡವಾದ. “ಸುಳ್ಳಿಗೆ ಸಹಿನಾ? ನನ್ನ ಮಗಳು ತಪ್ಪು ಮಾಡಿದ್ಲು ಅಂತ ಅವಳ ಕೈಯಲ್ಲೇ ಬರೆಸ್ತಾರಾ?”

ಅಮ್ಮ ಸೋಪಿನ ನೀರಿಗೆ ಬಿರಿದ ಕೈಗಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ತಲೆ ಎತ್ತಲಿಲ್ಲ. “ನೀವು ಮೊದಲು ಸೂಜಿ ಹಿಡೀರಿ. ಆಮೇಲೆ ಸತ್ಯದ ಮಾತಾಡೋಣ.”

ಅಪ್ಪ ಎದ್ದು ಹೊರಗೆ ಹೋಗಿ ಬೀದಿಯಲ್ಲಿ ನಿಂತ. ಅಮ್ಮ ಅಕ್ಕನನ್ನು ನೋಡಿ, “ಹಾಕಿಬಿಡೇ,” ಎಂದಳು. “ಇನ್ನೆಲ್ಲಿ ಹೋಗಿ ಬಾಗಿಲು ತಟ್ಟಲಿ ನಾನು?”

ಗೋಡೆಯ ಹತ್ತಿರ ಗುಂಡಿ ಡ್ರಿಲ್ ಮಾಡುತ್ತಿದ್ದಳು. ಬಲಗೈ ಮೇಲೆ, ಬಲಗೈ ಕೆಳಗೆ. ಅವಳನ್ನು ಕೊನೇ ಸಾಲಿಗೆ ಹಾಕಿದ್ದರು, ಆದರೂ ಮಾಡುತ್ತಿದ್ದಳು.

ಶುಕ್ರವಾರ ಅಕ್ಕ ದೊಡ್ಡ ಮೇಡಮ್ಮಿನ ಕೋಣೆಗೆ ಹೋದಳು. ಮೇಜಿನ ಮೇಲಿನ ಪೆನ್ನಿಗೆ ದಾರವಿರಲಿಲ್ಲ. ಸಹಿ ಎಂದೂ ಇಲ್ಲದಷ್ಟು ನೇರವಾಗಿ ಬಂತು. ಹಾಳೆ ತಿರುಗಿಸಿ ಕೊಡುತ್ತ ಒಂದೇ ಮಾತು ಕೇಳಿದಳು, ಅದನ್ನು ಬಸ್ಸಿನಲ್ಲಿ ಇಪ್ಪತ್ತು ಸಲ ಅಭ್ಯಾಸ ಮಾಡಿದ್ದಳು: “ಮೇಡಂ, ಗ್ಲೂಕೋಸ್ ಪುಡಿ ಮಾತ್ರ ಅವಳ ಜೇಬಲ್ಲೇ ಇರಲಿ?”

“ರೂಲ್ಸ್ ಎಲ್ಲರಿಗೂ ಒಂದೇ ಅಲ್ವೇನಮ್ಮ?” ಎಂದು ಅವರು ಹಾಳೆಯನ್ನು ಫೈಲಿಗೆ ಸೇರಿಸಿದರು.

ಅಕ್ಕ ಆಯ್ತು ಎನ್ನಲಿಲ್ಲ. ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡು ಬಂದು ಬೆಂಚಿನ ಮೇಲೆ ಕೂತಳು.

ತಪ್ಪು ಮಾಡಿದೆ ಎಂದು ಸಹಿ ಹಾಕಿದ ಹಾಳೆ ಆ ಫೈಲಿನಲ್ಲಿ ಎಷ್ಟು ವರ್ಷ ಇರುತ್ತದೋ ಇರಲಿ. ಅವಳು ಮಾಡಿದ ತಪ್ಪು ಬೇರೆ. ಅದನ್ನು ಯಾರೂ ಕೇಳಲಿಲ್ಲ, ಯಾರೂ ಟೈಪು ಮಾಡಲಿಲ್ಲ, ಅದಕ್ಕೇ ಇಲ್ಲಿ ಬರೆದದ್ದು. ಆ ಎರಡು ಪೊಟ್ಟಣಗಳನ್ನು ತಂಗಿಯ ಜೇಬಿನಿಂದ ತೆಗೆದದ್ದು ಅವಳ ಕೈ.

ಇವತ್ತು ಭಾನುವಾರ. ಗುಂಡಿಯ ಎರಡೂ ಲಂಗಗಳ ಸೊಂಟದ ಪಟ್ಟಿಯನ್ನು ಬಿಚ್ಚಿ, ಒಳಗೆ ಒಂದೊಂದು ಪುಟ್ಟ ಜೇಬು ಹೊಲಿದಾಯಿತು. ಒಂದೊಂದರಲ್ಲೂ ಎರಡು ಪೊಟ್ಟಣ ಹಿಡಿಯುತ್ತದೆ. ತಲೆ ಸುತ್ತಿದರೆ ಯಾರನ್ನೂ ಕೇಳದೆ ತಿನ್ನಬೇಕೆಂದು ಗುಂಡಿಗೆ ಹೇಳಿಕೊಟ್ಟು, ಐದು ಸಲ ಮಾಡಿಸಿ ನೋಡಿಯಾಯಿತು. ನಾಳೆ ಎಂಟೂವರೆಗೆ ಅಕ್ಕ ಅವಳನ್ನು ಶಾಲೆಗೆ ಕರೆದುಕೊಂಡು ಹೋಗುತ್ತಾಳೆ. ಪುಸ್ತಕದಲ್ಲಿ ಹೆಸರು ಬರೆಯುತ್ತಾಳೆ, ಕಾರಣದ ಕೆಳಗೆ ಸೂಜಿ ಎಂದು ಬರೆಯುತ್ತಾಳೆ, ಬೆಂಚಿನ ಮೇಲೆ ಕೂರುತ್ತಾಳೆ. ಪುಡಿ ಕೊಡು ಎಂದು ಯಾರಾದರೂ ಕೇಳಿದರೆ ಕೊಡುವುದಿಲ್ಲ.